ಅಮಲಿಲ್ಲದ ಬಿಯರ್ ಮತ್ತು ನಮ್ಮತ್ತೆಯ ಕಷಾಯ

೧೯೭೩, ಏಪ್ರಿಲ್ ೯, ಸೋಮವಾರ. ನನ್ನ ಡೈರಿಯಲ್ಲಿ ಹೀಗಿದೆ: "ಇವರಿಗೆ ಎಡ ಸೊಂಟದಲ್ಲಿ ವಿಪರೀತ ನೋವು. ಹುಳಿಯನ್ನ ಮುಟ್ಟಲಿಲ್ಲ. ಸಂಜೆಯೊಳಗೆ ಬಿಲ್ಡಿಂಗಿನವರೆಲ್ಲ ಬಂದು ನೋಡಿ ಹೋದರು. ಒಬ್ಬೊಬ್ಬರದು ಒಂದೊಂದು ಔಷಧಿ."

ಮದುವೆಯಾಗಿ ಗೋರೆಗಾಂವಿಗೆ ಬಂದ ದಿನದಿಂದ ನಾನು ಡೈರಿ ಬರೆಯುವುದನ್ನು ತಪ್ಪಿಸಿಲ್ಲ. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವಳು, ಕಂಡದ್ದನ್ನು ಕಂಡ ಹಾಗೆ ಬರೆದಿಡಬೇಕೆಂದು ಕಲಿತವಳು. ತಿರುವಿ ನೋಡಿದರೆ ಒಂದು ವಿಷಯ ಸ್ಪಷ್ಟ. ಬೇರೆಯವರ ಮನೆಯಲ್ಲಿ ಕಾಯಿಲೆ ಬಂದು ವಾಸಿಯಾಗುತ್ತದೆ. ನಮ್ಮ ಮನೆಯಲ್ಲಿ ಅದು ವಾಸಿಯಾಗುವ ಮೊದಲು ನಾಲ್ಕಾರು ಪ್ರಸಂಗಗಳನ್ನು ಹೆತ್ತೇ ಹೋಗುತ್ತದೆ.

ನೀರು ಕುಡಿಯದ ಮನುಷ್ಯ

ಪರೇಲಿನ ದೊಡ್ಡ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ಮೂತ್ರಪಿಂಡದಿಂದ ಇಳಿಯುವ ದಾರಿಯಲ್ಲಿ ಕಲ್ಲೊಂದು ಕೂತಿದೆ, ಮೆಂತ್ಯದ ಕಾಳಿಗಿಂತ ಸ್ವಲ್ಪ ದೊಡ್ಡದು ಎಂದರು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದರು. ಬೆಳಿಗ್ಗೆ ಒಂದು ಕಾಫಿ, ಸಂಜೆ ಒಂದು ಕಾಫಿ ಎಂದರು ನಮ್ಮ ಯಜಮಾನರು. ನಡುವೆ? ನಡುವೆ ಏನೂ ಇಲ್ಲ.

ಯಾಕೆಂದು ಇವರೇ ವಿವರಿಸಿದರು. ಗೋರೆಗಾಂವಿನಿಂದ ದಾದರಿಗೆ ಒಂದು ಲೋಕಲ್, ದಾದರಿನಿಂದ ವಿಕ್ರೋಳಿಯ ಫ್ಯಾಕ್ಟರಿಗೆ ಇನ್ನೊಂದು. ಲೋಕಲಿನಲ್ಲಿ ಬಾಚಣಿಗೆ ಮಾರುವವರಿದ್ದಾರೆ, ಭಜನೆ ಹಾಡುವವರಿದ್ದಾರೆ, ಇಸ್ಪೀಟಿನ ಮಂಡಲಿಯೂ ಇದೆ. ಇಲ್ಲದ್ದು ಶೌಚಾಲಯ ಒಂದೇ. ಹಾಗಾಗಿ ಅದರಲ್ಲಿ ಓಡಾಡುವ ಗಂಡಸರೆಲ್ಲ ಹಗಲಿಡೀ ನೀರಿನ ಗೊಡವೆಗೆ ಹೋಗುವುದಿಲ್ಲ.

ಡಾಕ್ಟರು ಮನಸಾರೆ ನಕ್ಕರು. ಆಮೇಲೆ ಗಂಭೀರವಾಗಿ ಆರು ವಾರ ಗಡುವು ಕೊಟ್ಟರು. ಮೂತ್ರ ನೀರಿನಂತೆ ತಿಳಿಯಾಗುವಷ್ಟು ಕುಡಿಯಬೇಕು. ಪ್ರತಿ ಸಲವೂ ಜಾಲರಿ ಹಿಡಿದು ಸೋಸಬೇಕು. ಕಲ್ಲು ತಾನಾಗಿ ಬಂದರೆ ಸರಿ, ಬಾರದಿದ್ದರೆ ಹೊಟ್ಟೆ ಕುಯ್ದು ತೆಗೆಯಬೇಕು. ಕುಯ್ಯುವ ಮಾತು ಕೇಳಿದ್ದೇ ಮನೆಗೆ ಬಂದು ನನ್ನ ಚಿನ್ನದ ಬಳೆಗಳನ್ನು ಬಿಚ್ಚಿ, ಆಪರೇಷನ್ನಿನ ಖರ್ಚಿಗೆಂದು ಬೀರುವಿನಲ್ಲಿ ಬೇರೆ ಇಟ್ಟೆ.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಇವರು ಆಡಿದ್ದು ಒಂದೇ ಮಾತು. "ಬರೋದೇನೋ ಬರ್ಲಿ ಕಣೇ. ಬಾಂದ್ರಾ ಅಂಧೇರಿ ಮಧ್ಯೆ ಬರದಿದ್ರೆ ಸಾಕು."

ಹಡಗಿನಿಂದ ಬಂದದ್ದು

ಬಿಲ್ಡಿಂಗಿನವರ ಔಷಧಿಗಳು ಬೇರೆಬೇರೆಯಾದರೂ ಇವರ ಆಫೀಸಿನವರೆಲ್ಲ ಒಂದೇ ಮಾತು ಹೇಳಿದರು: ಬಿಯರ್ ಕುಡಿದರೆ ಕಲ್ಲು ಕರಗುತ್ತದೆ. ಆಗ ಕುಡಿಯುವುದಕ್ಕೆ ಸರಕಾರದ ಪರ್ಮಿಟ್ ಬೇಕಿತ್ತು. ಸರಕಾರ ಕೊಟ್ಟರೂ ನಮ್ಮತ್ತೆ ಕೊಡುವ ಹಾಗಿರಲಿಲ್ಲ. ಸುದ್ದಿ ಹೇಗೋ ಮೂರನೇ ಮಹಡಿಗೆ ಹೋಯಿತು. ಅಲ್ಲಿ ಮಂಗಳೂರಿನ ಕ್ರಿಸ್ತುವರ ಸಂಸಾರ. ಆ ಮನೆಯ ಯಜಮಾನರು ಹಡಗಿನಲ್ಲಿ ಎಂಜಿನಿಯರು, ಕೊಲ್ಲಿಯ ಬಂದರುಗಳಿಗೆ ಹೋಗಿಬರುವವರು. ಆ ಬಂದರುಗಳಲ್ಲಿ ಅಮಲು ನಿಷಿದ್ಧವಾದ್ದರಿಂದ ಹಡಗಿನಲ್ಲಿ ಅಮಲು ತೆಗೆದ ಬಿಯರ್ ಇಡುತ್ತಿದ್ದರಂತೆ. ಅವರ ಹೆಂಡತಿ ಅದರ ಒಂದು ಪೆಟ್ಟಿಗೆಯನ್ನೇ ಹೊರಿಸಿಕೊಂಡು ಇಳಿದು ಬಂದರು.

"ಹೆದರ್ಬೇಡಿ ಅಮ್ಮ, ಇದ್ರಲ್ಲಿ ಎಂತ ಅಮಲೂ ಇಲ್ಲ," ಎಂದರು ನಮ್ಮತ್ತೆಗೆ.

"ಮತ್ತೇನಿದೆ?"

"ಬಾರ್ಲಿ ಉಂಟು. ಮತ್ತೆ ಒಂದು ಕಹಿ ಹೂ ಉಂಟು. ಅಷ್ಟೇ."

ನಮ್ಮತ್ತೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಧಾನ್ಯ ಒಂದು, ಹೂ ಒಂದು, ಅದೂ ಕಹಿ. "ಹಾಗಾದ್ರೆ ಕಷಾಯ ಅನ್ನಮ್ಮ," ಎಂದರು.

ಕಷಾಯವೆಂದ ಮೇಲೆ ತಣ್ಣಗೆ ಕುಡಿಸುವುದುಂಟೆ? ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಅತ್ತೆ ಒಂದು ಬಾಟಲಿಯನ್ನು ಪಾತ್ರೆಗೆ ಸುರಿದು, ಮೆಣಸು ಜೀರಿಗೆ ಕುಟ್ಟಿ ಹಾಕಿ, ಸ್ಟವ್ ಮೇಲಿಟ್ಟಿದ್ದರು. ಕುದಿ ಬಂದದ್ದೇ ತಡ, ನೊರೆ ಪಾತ್ರೆ ಬಿಟ್ಟು ಕಟ್ಟೆಗೆ, ಕಟ್ಟೆ ಬಿಟ್ಟು ನೆಲಕ್ಕೆ ಇಳಿಯಿತು. ಅದರ ವಾಸನೆ ಜಿನೆಯ ಮೆಟ್ಟಿಲುಗಳಲ್ಲೆಲ್ಲ ತುಂಬಿಕೊಂಡಿತು.

ಬಿಲ್ಡಿಂಗಿನ ಸೆಕ್ರೆಟರಿ ಮರಾಠಿಯವರು, ಕಟ್ಟುನಿಟ್ಟಿನ ಮನುಷ್ಯ. ಯಾರೋ ಮನೆಯಲ್ಲೇ ಕಳ್ಳಬಟ್ಟಿ ಇಳಿಸುತ್ತಿದ್ದಾರೆಂದು ಮೂಸುತ್ತಾ ಬಂದು ನಮ್ಮ ಬಾಗಿಲಲ್ಲಿ ನಿಂತರು. ಅತ್ತೆಗೆ ಮರಾಠಿ ಬಾರದು. ಆದರೆ ಅವರ ಕೆಮ್ಮು ಅರ್ಥವಾಯಿತು. ಉದ್ಧರಣೆಯಲ್ಲಿ ಬಿಸಿ ಕಷಾಯ ತೆಗೆದು ಅವರ ಅಂಗೈಗೆ ಹಾಕಿಯೇಬಿಟ್ಟರು. ಹಿರಿಯರು ಕೊಟ್ಟದ್ದನ್ನು ಬೇಡವೆನ್ನಲಾರದೆ ಅವರು ಕುಡಿದು, ಕೈಯನ್ನು ತಲೆಗೆ ಸವರಿಕೊಂಡು, ಬಂದ ಕೆಲಸ ಹೇಳದೆ ಹೋದರು.

ಮರುದಿನ ಅದೇ ಹೊತ್ತಿಗೆ ತಾವೇ ಬಂದು ಬಾಗಿಲು ತಟ್ಟಿದರು. ಕೈಯಲ್ಲಿ ಸ್ವಂತ ಲೋಟವಿತ್ತು.

ಧೈರ್ಯ

ಆ ಮೊದಲ ದಿನದ ಸಂಜೆಯೇ ಇನ್ನೊಂದು ಪ್ರಸಂಗ ನಡೆಯಿತು. ನೊರೆ ಒರೆಸುವ ಗಡಿಬಿಡಿಯಲ್ಲಿ, ಬಾಟಲಿಯಲ್ಲಿ ಅಮಲಿಲ್ಲವೆಂದು ಇವರಿಗೆ ಹೇಳುವುದು ನಮಗೆ ಮರೆತೇಹೋಗಿತ್ತು. ಬೆಳ್ಳಿ ಲೋಟದಲ್ಲಿ ಅಮ್ಮ ಕೊಟ್ಟದ್ದನ್ನು ಇವರು ಕಣ್ಣು ಮುಚ್ಚಿ ಕುಡಿದರು. ಕಣ್ಣು ತೆರೆದಾಗ ಎದುರಿಗೆ ಖಾಲಿ ಬಾಟಲಿ ಕಂಡಿತು. ಅದರ ಮೇಲೆ ದೊಡ್ಡದಾಗಿ ಬಿಯರ್ ಎಂದಿದ್ದದ್ದನ್ನಷ್ಟೇ ಓದಿಕೊಂಡರು.

ನಮ್ಮ ಯಜಮಾನರು ಜೋರಾಗಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ತರಕಾರಿಯವನು ಕೊಳೆತ ಟೊಮೇಟೊ ಹಾಕಿದರೂ ಥ್ಯಾಂಕ್ಸ್ ಹೇಳಿ ಬರುವವರು. ಅವತ್ತು ಎದ್ದು, ಪಂಚೆ ಎತ್ತಿ ಕಟ್ಟಿ, ನೇರವಾಗಿ ಸೆಕ್ರೆಟರಿಯವರ ಮನೆಗೆ ಇಳಿದರು. ನಾನು ಹಿಂದೆ ಓಡಿದೆ. ಸಂಜೆ ಹೊತ್ತು ಪಂಪು ಹಾಕದ ಕಾರಣ ಮೇಲಿನ ಮಹಡಿಗಳಿಗೆ ನೀರೇ ಬರುತ್ತಿರಲಿಲ್ಲ. ಅದನ್ನೇ ಹಿಡಿದು ಇವರು ಬಂಬೈ ಹಿಂದಿಯಲ್ಲಿ ದಬಾಯಿಸಿದರು.

"ಡಾಕ್ಟರ್ ಬೋಲ್ತಾ ಹೈ ಪಾನಿ ಪಿಯೋ. ಆಪ್ ಪಾನಿ ಛೋಡ್ತಾ ನಹೀ. ಮೇರಾ ಆಪರೇಷನ್ ಆಪ್ ಕರೇಗಾ ಕ್ಯಾ?"

ನೀರು ಬಿಡದಿದ್ದರೆ ನನ್ನ ಆಪರೇಷನ್ ನೀವೇ ಮಾಡುತ್ತೀರಾ ಎಂದು ಕೇಳಿದ್ದಕ್ಕೆ ಸೆಕ್ರೆಟರಿ ಒಂದು ಹೆಜ್ಜೆ ಹಿಂದೆ ಸರಿದರು. ಪಕ್ಕದ ಮನೆಯವರು ಚಪ್ಪಾಳೆ ತಟ್ಟುವುದೊಂದು ಬಾಕಿ. ಅಂದಿನಿಂದ ಸಂಜೆಯೂ ಪಂಪು ಹಾಕತೊಡಗಿದರು. ಮೇಲಿನ ಮಹಡಿಯ ಹೆಂಗಸರು ಇವತ್ತಿಗೂ ಇವರನ್ನು ನೆನೆಸುತ್ತಾರೆ.

ಬೆಳಿಗ್ಗೆ ಕಾಫಿ ಕೊಡುತ್ತಾ, ಆ ಬಾಟಲಿಯಲ್ಲಿ ಅಮಲೇ ಇರಲಿಲ್ಲ ಎಂದು ಹೇಳಿದೆ. ಇವರ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಹಾಗಾದ್ರೆ ನಿನ್ನೆ ಬೈದದ್ದು ನಾನೇನಾ?"

ನೀಲಿ ಕೆಂಪಾಯಿತು

ನಮ್ಮತ್ತೆಗೆ ಸಕ್ಕರೆ ಕಾಯಿಲೆ ಇತ್ತು. ಆಗೆಲ್ಲ ಮೂತ್ರದ ಪರೀಕ್ಷೆ ಮನೆಯಲ್ಲೇ. ಗಾಜಿನ ನಳಿಗೆಯಲ್ಲಿ ಒಂದು ನೀಲಿ ದ್ರಾವಣಕ್ಕೆ ಕೆಲವು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಕ್ಷೇಮ, ಹಸಿರಾದರೆ ಜಾಗ್ರತೆ, ಇಟ್ಟಿಗೆಯ ಕೆಂಪಾದರೆ ಅಪಾಯ. ನನ್ನ ಬಿ.ಎಸ್ಸಿ. ಬಂಬೈಯಲ್ಲಿ ಉಪಯೋಗಕ್ಕೆ ಬಂದದ್ದು ಮುಖ್ಯವಾಗಿ ಇಲ್ಲಿಯೇ.

ಮೂರನೇ ವಾರ ಅತ್ತೆಯ ನಳಿಗೆ ಕೆಂಪಗಾಯಿತು. ಸಿಹಿ ಮುಟ್ಟಿಲ್ಲವೆಂದು ದೇವರ ಮುಂದೆ ನಿಂತು ಹೇಳಿದರು. ಸುಳ್ಳಾಡುವವರಲ್ಲ. ವಿಚಾರಿಸಿದಾಗ ತಿಳಿದದ್ದು, ಮಗನ ಔಷಧಿ ಚೆಲ್ಲಿದರೆ ದೋಷವೆಂದು ಬಾಟಲಿಯಲ್ಲಿ ಉಳಿದದ್ದನ್ನೆಲ್ಲ ದಿನವೂ ತಾವೇ ಮುಗಿಸುತ್ತಿದ್ದರು. ಕಹಿಯಾದದ್ದು ಸಕ್ಕರೆ ಕಾಯಿಲೆಗೂ ಒಳ್ಳೆಯದೇ ಎಂಬುದು ಅವರ ಲೆಕ್ಕ.

ನಾನು ವಾದಕ್ಕೆ ಹೋಗಲಿಲ್ಲ. ಆ ಬಿಯರಿನದೇ ನಾಲ್ಕು ಹನಿಯನ್ನು ದ್ರಾವಣಕ್ಕೆ ಹಾಕಿ ಅವರೆದುರಿಗೇ ಕಾಯಿಸಿದೆ. ಕ್ಷಣದಲ್ಲಿ ಕೆಂಪು ಕುದಿಯಿತು. ಅತ್ತೆ ಕೈಮುಗಿದರು. "ಕುಂಕುಮದ ಬಣ್ಣ ಬಂತು. ಶುಭವೇ," ಎಂದರು.

ಕೊನೆಗೆ ಇಬ್ಬರನ್ನೂ ಪರೇಲಿಗೆ ಕರೆದೊಯ್ದೆ. ಡಾಕ್ಟರು ಬಿಡಿಸಿ ಹೇಳಿದರು. ಬಿಯರಿನಿಂದ ಯಾವ ಕಲ್ಲೂ ಕರಗುವುದಿಲ್ಲ, ಕಲ್ಲನ್ನು ತಳ್ಳುವುದು ಅದರಲ್ಲಿರುವ ನೀರು. ಮೊಳಕೆ ಬರಿಸಿದ ಬಾರ್ಲಿಯಲ್ಲಿ ಸ್ವಲ್ಪ ಜೀವಸತ್ವವಿದೆ, ಜೊತೆಗೆ ಸಕ್ಕರೆಯೂ ಇದೆ. ಅಮಲು ತೆಗೆದರೆ ಸಕ್ಕರೆ ಹೋಗುವುದಿಲ್ಲ. ಅದನ್ನು ಪಾನೀಯ ಅನ್ನಬೇಡಿ, ತಿಂಡಿ ಅನ್ನಿ. ಮಗ ದಿನಕ್ಕೊಂದು ಕುಡಿಯಲಿ, ಉಳಿದಂತೆ ಮನೆಯ ಬಾರ್ಲಿ ನೀರು ಸಾಕು. ತಾಯಿ ಮಾತ್ರ ಮುಟ್ಟಕೂಡದು.

ಅತ್ತೆಗೆ ಇನ್ನೊಂದು ಅನುಮಾನವಿತ್ತು. ನಿಜಕ್ಕೂ ಅಮಲು ಚೂರೂ ಇಲ್ಲವೇ ಎಂದು ನನ್ನಿಂದ ಕೇಳಿಸಿದರು. ಡಾಕ್ಟರು ಪ್ರಾಮಾಣಿಕರು. ಹೆಸರಿಗೆ ಒಂದಿಷ್ಟು ಇರಬಹುದು, ಚೆನ್ನಾಗಿ ಹಣ್ಣಾದ ಬಾಳೆಹಣ್ಣಿನಲ್ಲೂ ಅಷ್ಟು ಇರುತ್ತದೆ ಎಂದರು.

ದಾದರಿನಲ್ಲಿ ಗಾಡಿ ಬದಲಿಸುವಾಗ ಅತ್ತೆ ನನ್ನ ಕಿವಿಯಲ್ಲಿ ಕೇಳಿದರು. "ದಿನಾ ಬಾಳೆಹಣ್ಣು ನೈವೇದ್ಯ ಮಾಡ್ತೀನಲ್ಲೇ. ಅಂದ್ರೆ ದೇವರಿಗೆ ಇಷ್ಟು ವರ್ಷ ನಾನೇ ಅಭ್ಯಾಸ ಮಾಡಿಸಿದ್ನಾ?"

ಬಾಣಲಿಂಗ

ಐದನೇ ವಾರವೂ ಕಳೆಯಿತು. ಹಡಗಿನ ಪೆಟ್ಟಿಗೆ ಖಾಲಿಯಾಗಿತ್ತು. ಇವರು ಥರ್ಮಾಸಿನಲ್ಲಿ ಬಾರ್ಲಿ ನೀರು, ಚೀಲದಲ್ಲಿ ನಮ್ಮ ಚಹಾದ ಜಾಲರಿ ಇಟ್ಟುಕೊಂಡು ಓಡಾಡುತ್ತಿದ್ದರು. ಯಾವ ಸ್ಟೇಷನ್ನಿನಲ್ಲಿ ಶೌಚಾಲಯ ಎಲ್ಲಿದೆ, ಎಷ್ಟು ಕ್ಯೂ ಇರುತ್ತದೆ ಎಂದು ರೈಲ್ವೆಯವರಿಗೇ ಹೇಳಿಕೊಡುವಷ್ಟು ಪಳಗಿದ್ದರು. ನನಗೆ ಮಾತ್ರ ಊಟ ಸೇರುತ್ತಿರಲಿಲ್ಲ. ಕುಯ್ಯುವ ದಿನ ಹತ್ತಿರವಾಗುತ್ತಿತ್ತು.

ಒಂದು ಸಂಜೆ ಮನೆಗೆ ಬರುವಾಗ ದಾದರಿನಲ್ಲಿ ಕಲ್ಲು ಜಾಲರಿಗೆ ಬಿತ್ತು. ಇವರಿಗೆ ಅದನ್ನು ಎಲ್ಲರನ್ನೂ ಕೂಡಿಸಿ ಹೇಳುವ ಆಸೆ. ತೊಳೆದು, ಕಾಗದದ ಪೊಟ್ಟಣದಲ್ಲಿ ಕಟ್ಟಿ ತಂದು, ಮಾತಿಲ್ಲದೆ ದೇವರ ಗೂಡಿನಲ್ಲಿಟ್ಟು ಸ್ನಾನಕ್ಕೆ ಹೋದರು.

ಆ ತಿಂಗಳು ಅತ್ತೆಯ ತಮ್ಮ ನರ್ಮದಾ ತೀರಕ್ಕೆ ಯಾತ್ರೆ ಹೋಗಿದ್ದ. ಅಲ್ಲಿನ ನದಿಯಲ್ಲಿ ಸಿಗುವ ಪೂಜೆಯ ಕಲ್ಲು, ಪುಟ್ಟ ಬಾಣಲಿಂಗವೊಂದನ್ನು ಯಾರ ಕೈಯಲ್ಲಾದರೂ ಕಳಿಸುತ್ತೇನೆಂದು ಬರೆದಿದ್ದ. ದೀಪ ಹಚ್ಚಲು ಬಂದ ಅತ್ತೆ ಪೊಟ್ಟಣ ಬಿಚ್ಚಿದರು. ಕಂದು ಬಣ್ಣದ, ನುಣುಪಾದ, ಉದ್ದುರುಟಿನ ಪುಟ್ಟ ಕಲ್ಲು.

ಇವರು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಹಾಲಿನ ಅಭಿಷೇಕವಾಗಿ, ವಿಭೂತಿ ಹಚ್ಚಿ, ಬಿಲ್ವಪತ್ರೆ ಏರಿಸಿ, ನನಗೆ ತೀರ್ಥವನ್ನೂ ಕೊಟ್ಟಾಗಿತ್ತು. ಇವರೂ ಕೈ ಒಡ್ಡಿ ಕುಡಿದರು. ಆಮೇಲೆ ಗೂಡಿನ ಕಡೆ ನೋಡಿದರು.

"ಅಮ್ಮ, ಇಲ್ಲೊಂದು ಪೊಟ್ಟಣ ಇಟ್ಟಿದ್ದೆ."

"ನೋಡ್ದೆ ಕಣಪ್ಪ. ಎಷ್ಟು ಲಕ್ಷಣವಾಗಿದೆ. ಯಾರ ಕೈಲಿ ಬಂತು?"

ಇವರು ನನ್ನ ಮುಖ ನೋಡಿದರು, ತಮ್ಮ ಅಂಗೈ ನೋಡಿಕೊಂಡರು. "ಯಾರ ಕೈಲೂ ಅಲ್ಲಮ್ಮ. ನನ್ನಿಂದ್ಲೇ ಬಂತು," ಎಂದರು.

ನಾನು ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದೆ. ಅತ್ತೆ ಆ ಕಲ್ಲಿನ ಮೇಲೆ ಜಾರಿದ ಬಿಲ್ವದ ಎಲೆಯನ್ನು ಸರಿಮಾಡಿದರು. "ಆರು ವಾರದಿಂದ ಮನೆಮಂದಿಯೆಲ್ಲ ಬಾ ಬಾ ಅಂತ ಬೇಡಿಕೊಂಡಿದೀವಿ," ಎಂದರು. "ಕರೆದದ್ದಕ್ಕೆ ಬಂದಿದೆ. ಊರಿನ ಎಷ್ಟು ದೇವರು ಇಷ್ಟು ಬೇಗ ಬಂದಿದಾವೆ?"

ಪರೇಲಿನ ಡಾಕ್ಟರು ಪೊಟ್ಟಣ ಬಿಚ್ಚಿದಾಗ ಕಲ್ಲಿನ ಮೇಲೆ ವಿಭೂತಿಯೂ ಬಿಲ್ವದ ಎಲೆಯೂ ಹಾಗೆಯೇ ಇದ್ದವು. ಅತ್ತೆ ತೆಗೆಯಲು ಬಿಟ್ಟಿರಲಿಲ್ಲ.

ಒಟ್ಟು ಖರ್ಚು: ಎರಡು ಎಕ್ಸ್‌ರೇ, ಡಾಕ್ಟರ ಫೀಸು, ಬಾರ್ಲಿ, ಒಂದು ಹೊಸ ಚಹಾದ ಜಾಲರಿ. ಪೆಟ್ಟಿಗೆಗೆ ಮೂರನೇ ಮಹಡಿಯವರು ದುಡ್ಡು ಮುಟ್ಟಲಿಲ್ಲ. ಅದಕ್ಕಾಗಿ ಪ್ರತಿ ದೀಪಾವಳಿಗೆ ಅವರ ಮನೆಗೆ ಒಂದು ಡಬ್ಬಿ ಕೋಡುಬಳೆ ಹೋಗುತ್ತದೆ. ಬಳೆಗಳು ನನ್ನ ಕೈಯಲ್ಲೇ ಇವೆ.