ಮೋರಿಯ ಮೇಲಿನ ಉಬ್ಬು

ಮುಧೋಳ, ೧೪ ಫೆಬ್ರವರಿ ೧೯೫೪

ಇಂದ: ಪಾಂಡುರಂಗ ಕೃಷ್ಣಾಜಿ ಚಿಮ್ಮಡಕರ, ನಿವೃತ್ತ ಕಾರಕೂನ, ಮುಧೋಳ
ಗೆ: ರಸ್ತೆ ದುರಸ್ತಿಯ ಸಾಹೇಬರು, ಲೋಕಾಪುರ ರಸ್ತೆ

ವಿಷಯ: ನನ್ನದೇ ಅರ್ಜಿಯನ್ನು ಒಂದು ದಿನ ತಡವಾಗಿ ಮನ್ನಿಸುವ ಕುರಿತು
ಉಲ್ಲೇಖ: ಇದೇ ಉಬ್ಬಿನ ವಿರುದ್ಧ ನಾನು ಬರೆದ ಏಳು ಅರ್ಜಿಗಳು

ಮಾನ್ಯರೇ,

೧. ಲೋಕಾಪುರ ರಸ್ತೆಯ ಮೋರಿಯ ಮೇಲೆ ಒಂದು ಉಬ್ಬು ಇರುತ್ತದೆ. ಅಲ್ಲಿ ಸರ್ವಿಸ್ ಮೋಟಾರು ಹಾರಿದಾಗ ನನ್ನ ತಲೆ ಮೇಲಿನ ತಗಡಿಗೆ ಬಡಿಯುವ ಕಾರಣ, ಅದನ್ನು ಸಪಾಟು ಮಾಡಬೇಕೆಂದು ಏಳು ಸಲ ಬರೆದೆ. ಇಷ್ಟು ವರ್ಷ ನನ್ನ ಯಾವ ಅರ್ಜಿಗೂ ಯಾರೂ ಕ್ಯಾರೇ ಅಂದಿರಲಿಲ್ಲ. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೆ. ಈ ಸಲ ತಾವು ಮನ್ನಿಸಿಬಿಟ್ಟಿದ್ದೀರಿ. ರಸ್ತೆಗೆ ಹಾಕುವ ಖಡಿಕಲ್ಲು ಬಂದು ಬಿದ್ದಿದೆ. ನಾಳೆಯೇ ಕೆಲಸವೆಂದು ಮೇಸ್ತ್ರಿ ರಾಮಣ್ಣ ಹೇಳಿದ.

೨. ಈ ಸುದ್ದಿಯನ್ನು ಊಟದ ಹೊತ್ತಿಗೆ ಹೇಳಲಾಗಿ, ನನ್ನ ಪತ್ನಿ ತುಳಸಾಬಾಯಿ ಸಟ್ಟುಗ ಕೆಳಗಿಟ್ಟಳು. ಅವಳಿಗೆ ಎಂಟು ವರ್ಷದಿಂದ ಮೊಣಕಾಲು ನೋವು. ವಾರಕ್ಕೊಮ್ಮೆ ಲೋಕಾಪುರದ ವೈದ್ಯರ ಎಣ್ಣೆಗಾಗಿ ಹೋಗುತ್ತೇವೆ. ಹಿಂದೆ ಧೂಳೆಂದು ನಾನು ಡ್ರೈವರನ ಹತ್ತಿರ ಕೂಡುತ್ತೇನೆ. ಅವಳು ಹಟದಿಂದ ಕಟ್ಟಕಡೆಯ ಸೀಟು ಹಿಡಿಯುತ್ತಾಳೆ. ಕಾರಣ ಈಗ ತಿಳಿಯಿತು.

"ಎಣ್ಣಿಯಿಂದ ಏನೂ ಆಗಿಲ್ರಿ," ಎಂದಳು. "ಆ ಉಬ್ಬಿನ ಮ್ಯಾಲೆ ಮೋಟಾರ ಹಾರಿತಂದ್ರ ನಾನೂ ಸೀಟು ಬಿಟ್ಟು ಏಳ್ತೀನಿ. ಆ ಒಂದು ಗಳಿಗಿ ನನಗ ಮೈಯೇ ಇರೂದಿಲ್ಲ. ಮೊಣಕಾಲು ಎಲ್ಲಿ ಹೋದೂ ಅಂತ ಹುಡುಕಬೇಕು."

"ಕೆಳಗ ಬಿದ್ದಾಗ ನೋಯೂದಿಲ್ಲೇನು?"

"ನೋಯ್ತದ. ಅದು ದಿನಾ ಇದ್ದದ್ದ."

ಇದನ್ನು ಮೊದಲೇ ಏಕೆ ತಿಳಿಸಲಿಲ್ಲವೆಂದು ವಿಚಾರಿಸಿದೆ.

"ಹೇಳಿದ್ರ ಅದಕ್ಕೂ ಒಂದು ಅರ್ಜಿ ಬರೀತಿದ್ರಿ."

೩. ಮೋರಿ ಬಂದಾಗಲೆಲ್ಲ ಹಿಂದಿನಿಂದ ಯಾರೋ ಹೆಂಗಸು ಬಾಯ್ತುಂಬ ನಗುವುದು ಕೇಳುತ್ತಿತ್ತು. ನನ್ನ ತಲೆಯ ಗತಿ ಕಂಡು ನಗುತ್ತಾಳೆಂದು ತಿಳಿದು, ಐದನೆಯ ಅರ್ಜಿಯಲ್ಲಿ ಅವಳ ಮೇಲೂ ದೂರಿದ್ದೆ. ಅದು ತುಳಸಾಬಾಯಿ. ಮೂವತ್ತೊಂದು ವರ್ಷ ಸಂಸಾರ ಮಾಡಿಯೂ ಅವಳ ನಗೆಯ ಗುರುತು ನನಗೆ ಹತ್ತಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

೪. ಉಬ್ಬು ಕಾಯಂ ಇರಲೆಂದು ಕೇಳಲು ನನಗೆ ಮುಖವಿಲ್ಲ. ಉಳಿದವರ ತಲೆಗಳೂ ತಲೆಗಳೇ. ಆದರೆ ನಾಳೆ ನಾವಿಬ್ಬರೂ ಹೊರಟಿದ್ದೇವೆ. ಎಣ್ಣೆಗಾಗಿ ಅಲ್ಲ. ನಾನೂ ಕಟ್ಟಕಡೆಯ ಸೀಟಿನಲ್ಲೇ ಕೂಡುವವನಿದ್ದೇನೆ. ಆದ್ದರಿಂದ ನಾಳೆಯ ಮೋಟಾರು ಹೋಗಿ ಸಂಜೆ ತಿರುಗಿ ಬರುವವರೆಗೆ ಯಾರೂ ಸಲಿಕೆ ಎತ್ತದಂತೆ ಹುಕುಂ ಆಗಬೇಕು.

ಏಳು ಸಲ ತಪ್ಪಿದ, ತಮ್ಮ ವಿಶ್ವಾಸಿ,
ಪಾಂ. ಕೃ. ಚಿಮ್ಮಡಕರ

ಲಗತ್ತು: (೧) ಹಿಂದಿನ ಅರ್ಜಿಗಳ ನಕಲು, ಏಳು. (೨) ತುಳಸಾಬಾಯಿಯ ಹೇಳಿಕೆ. ಬರೆದುಕೊಡಲು ಒಪ್ಪಿಲ್ಲ.

ವಿ.ಸೂ.: ಹೋಗುವಾಗಿನ ಒಂದೇ ಸಲ ಸಾಲದೇ ಎಂದು ತಾವು ಕೇಳಬಹುದು. ಅವಳು ನಗುವುದನ್ನು ನಾನು ಕಣ್ಣಾರೆ ನೋಡಬೇಕಾಗಿದೆ. ತಲೆ ಬಡಿದರೆ ಆ ಗಳಿಗೆಗೆ ಸರಿಯಾಗಿ ಕಣ್ಣು ಮುಚ್ಚಿಹೋಗುವ ಸಂಭವವಿರುವುದರಿಂದ, ತಿರುಗಿ ಬರುವಾಗಲೂ ಸದರಿ ಉಬ್ಬು ಸ್ಥಳದಲ್ಲಿ ಹಾಜರಿರತಕ್ಕದ್ದು.