ಓಡುವವರಿಗೆ ನಿಲ್ಲುವ ಬಸ್ಸು

ನಮ್ಮ ಮೊಳಕಾಲ್ಮೂರು ಕಡೆ ಸುಮ್ಮಸುಮ್ಮನೆ ಯಾರೂ ಓಡುವುದಿಲ್ಲ. ಓಡುತ್ತಿದ್ದಾರೆಂದರೆ ಬಸ್ಸು ಹೊರಟಿರಬೇಕು, ಕುರಿ ಯಾರದೋ ಶೇಂಗಾ ಹೊಲಕ್ಕೆ ನುಗ್ಗಿರಬೇಕು, ಇಲ್ಲವೇ ಯಾರಿಗೋ ಹೆಚ್ಚುಕಮ್ಮಿ ಆಗಿರಬೇಕು. ಇದ್ಯಾವುದೂ ಇಲ್ಲದೆ ಮೂವತ್ತೆಂಟು ವರ್ಷ ವಯಸ್ಸಿನ, ಎರಡು ಮಕ್ಕಳ ತಾಯಿಯಾದ ಟೀಚರೊಬ್ಬಳು ಚೂಡಿದಾರ ತೊಟ್ಟು ಬೆಳಗಾಗೆದ್ದು ದೇವಸಮುದ್ರದ ರಸ್ತೆಯಲ್ಲಿ ಓಡಿದರೆ ಊರು ಏನೆಂದುಕೊಳ್ಳಬೇಕು? ಅಂದುಕೊಂಡದ್ದನ್ನೆಲ್ಲ ಹೋಟೆಲ್ಲಿನಲ್ಲಿ ನನ್ನ ಗಂಡನ ಕಿವಿಗೆ ಹಾಕಿತು. ಅವರು ಮರ್ಯಾದೆ ಉಳಿಸಿಕೊಳ್ಳಲು, "ಏನಿಲ್ರೀ, ಶುಗರ್ ಐತೆ, ಡಾಕ್ಟ್ರು ಓಡು ಅಂದಾರೆ" ಎಂದು ನನಗಿಲ್ಲದ ಕಾಯಿಲೆಯನ್ನು ಅಂಟಿಸಿ ಬಂದರು. ಅಂದಿನಿಂದ ಯಾರ ಮನೆಗೆ ಹೋದರೂ ನನಗೆ ಸಕ್ಕರೆಯಿಲ್ಲದ ಟೀಯೇ ಗತಿ.

ನಿಜ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಮ್ಯಾರಥಾನ್ ನಡೆಯುತ್ತದೆ, ಯಾರು ಬೇಕಾದರೂ ಓಡಬಹುದು ಎಂದು ಪೇಪರಿನಲ್ಲಿ ಓದಿದವಳು ಆ ತುಂಡನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡೆ. ನಲವತ್ತೆರಡು ಕಿಲೋಮೀಟರು! ಇಲ್ಲಿಂದ ಹೊರಟರೆ ಚಳ್ಳಕೆರೆ ಇನ್ನೇನು ಬಂತು ಅನ್ನುವಷ್ಟರಲ್ಲಿ ಮುಗಿದುಹೋಗುವ ದೂರ. ಚಳ್ಳಕೆರೆಯ ಹೆಸರು ನನ್ನ ಬಾಯಿಗೆ ಸುಮ್ಮನೆ ಬರಲಿಲ್ಲ. ಸಿದ್ದಾಪುರದ ನಮ್ಮ ಮನೆಯಿಂದ ಹೈಸ್ಕೂಲಿಗೆ ಹೋಗುತ್ತಿದ್ದಾಗ ಓಟದಲ್ಲಿ ನಾನೇ ಮೊದಲು. ಚಳ್ಳಕೆರೆಯಲ್ಲಿ ನಡೆಯುವ ದೊಡ್ಡ ಪಂದ್ಯಕ್ಕೆ ಆರಿಸಿದ್ದರು. ಹೊರಡುವ ದಿನ ಬೆಳಿಗ್ಗೆ ಅವ್ವ, "ನಿಮ್ಮಪ್ಪ ಸಂತೆಗೆ ಹೋಗ್ಯಾನೆ, ಕುರಿ ಯಾರು ಹೊಡ್ಕಂಡು ಹೋಗ್ತಾರೆ? ಓಟ ಎಲ್ಲಿಗೋಗ್ತೈತೆ, ಮುಂದಿನ ವರ್ಸ ಓಡೀಯಂತೆ" ಎಂದಳು. ಇಡೀ ದಿನ ಗುಡ್ಡದ ಬಂಡೆಯ ಮೇಲೆ ನಿಂತು ಚಳ್ಳಕೆರೆ ಇರುವ ದಿಕ್ಕನ್ನೇ ನೋಡಿದೆ. ಮುಂದಿನ ವರ್ಷ ಎಸೆಸ್ಸೆಲ್ಸಿ ಬಂತು, ಆಮೇಲೆ ಕೆಲಸ, ಮದುವೆ, ಮಕ್ಕಳು. ಆ ಮುಂದಿನ ವರ್ಷ ಮಾತ್ರ ಬರಲೇ ಇಲ್ಲ. ಅವ್ವನಿಗೆ ಇದನ್ನು ಎಂದೂ ಆಡಿ ತೋರಿಸಿಲ್ಲ. ಆದರೆ ಇವತ್ತಿಗೂ ಶಾಲೆಯ ಮಕ್ಕಳು ಗೆರೆಯ ಮೇಲೆ ಸಾಲಾಗಿ ನಿಂತು ನಾನು ಸೀಟಿ ಊದಬೇಕಾದಾಗ ನನ್ನ ಕಾಲೂ ತಾನಾಗಿ ಆ ಗೆರೆಯತ್ತ ಸರಿಯುತ್ತದೆ.

ಆಸೆಗೇನೂ ಕಡಿಮೆಯಿಲ್ಲ, ಕಷ್ಟವೆಲ್ಲ ಹುರುಪಿನದು. ಅದು ಮೂರನೇ ಕಿಲೋಮೀಟರಿಗೆ ಪಕ್ಕೆ ಹಿಡಿದುಕೊಂಡು ಕೂತುಬಿಡುತ್ತದೆ. ಸರಿಯಾಗಿ ಆಗಲೇ ಹಿಂದಿನಿಂದ ನಾನು ದಿನಾ ದೇವಸಮುದ್ರದ ಶಾಲೆಗೆ ಹೋಗುವ ಬಸ್ಸು ಬರುತ್ತದೆ. ನಮ್ಮ ಕಡೆ ಬಸ್ಸಿಗೆ ಸ್ಟಾಪು ಅಂತ ಬೇರೆ ಇಲ್ಲ. ಯಾರು ಓಡುತ್ತಾರೋ ಅಲ್ಲೇ ಸ್ಟಾಪು. ಮೊದಲ ದಿನ ಕಂಡಕ್ಟರ್ ತಿಪ್ಪೇಸ್ವಾಮಿ ಸೀಟಿ ಊದಿ ನಿಲ್ಲಿಸಿಯೇಬಿಟ್ಟ. "ಹತ್ರೀ ಟೀಚರೇ, ಇಷ್ಟು ದೂರ ಓಡಿ ಬಂದೀರಲ್ಲ!" ಬಸ್ಸಿಗಲ್ಲಪ್ಪ, ಸುಮ್ಮನೆ ಓಡುತ್ತಿದ್ದೇನೆ ಎಂದೆ. ಅವನು ನಂಬಲಿಲ್ಲ. ಕಿಟಕಿಯಿಂದ ಅಜ್ಜಿಯೊಬ್ಬಳು, "ಎಂದುಕಮ್ಮಾ ಪರುಗು? ರಾ, ಕೂಚೋ" ಅಂದರೆ ಯಾಕಮ್ಮಾ ಓಟ, ಬಾ ಕೂತ್ಕೋ ಎಂದು ತೆಲುಗಿನಲ್ಲಿ ಕರೆದು, ಪಕ್ಕದವನನ್ನು ಎಬ್ಬಿಸಿ ಸೀಟು ಬಿಡಿಸಿದಳು. ಇಡೀ ಬಸ್ಸು ಕಾಯುತ್ತಿರುವಾಗ ಜಂಭ ಮಾಡಲಾದೀತೇ? ಹತ್ತಿದೆ. ಮಾರನೇ ದಿನವೂ ಹತ್ತಿದೆ. ಎರಡು ತಿಂಗಳು ಹೀಗೇ ನಡೆಯಿತು. ಮನೆಯಲ್ಲಿ, "ಆ ತಿಪ್ಪೇಸ್ವಾಮಿ ಓಡೋಕೆ ಬಿಡೋದೇ ಇಲ್ಲ" ಎಂದು ಬೈಯುತ್ತಿದ್ದೆ. ರಸ್ತೆಯಲ್ಲಿ ಮಾತ್ರ ಹಾರನ್ನು ಕೇಳುವುದು ತುಸು ತಡವಾದರೂ, ಈ ಹಾಳಾದ ಬಸ್ಸಿಗೆ ಇವತ್ತೇನಾಯಿತು ಎಂದು ಹಿಂದಿರುಗಿ ನೋಡುತ್ತಿದ್ದೆ.

ಅವ್ವ ಈಗ ನಮ್ಮೊಂದಿಗೇ ಇದ್ದಾಳೆ. ಒಂದು ಸಂಜೆ ನಾನು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತಳು.

"ಏನು ಬೆನ್ನು ಹತ್ತೈತೆ ಅಂತ ಓಡ್ತೀಯೇ? ನಾಯಿನಾ?"

"ಏನಿಲ್ಲವ್ವ. ಒಂದ್ಸಲ, ಯಾರೂ ನಿಲ್ಸದಂಗೆ, ಪೂರ್ತಿ ಓಡ್ಬೇಕು ಅನ್ನಿಸ್ತೈತೆ. ಅಷ್ಟೇ."

ಅವ್ವ ಎಣ್ಣೆಯ ಬಟ್ಟಲನ್ನು ಎಳೆದುಕೊಂಡು ನನ್ನ ಮೀನಖಂಡವನ್ನು ತಾನೇ ತಿಕ್ಕತೊಡಗಿದಳು. ಕುರಿ ಹಿಡಿದು ಹಿಡಿದು ಗಟ್ಟಿಯಾದ ಕೈ, ಪ್ರಾಣ ಹೋಯಿತು.

ಮಾರನೇ ಬೆಳಿಗ್ಗೆ ಎಂದಿನಂತೆ ಓಡಿದೆ, ಎಂದಿನಂತೆ ಪಕ್ಕೆ ಹಿಡಿಯಿತು, ಎಂದಿನಂತೆ ಹಾರನ್ನು ಕೇಳಿಸಿತು. ಬೇಡವಾಗಿದ್ದರೂ ಬಲವಂತಕ್ಕೆ ಹತ್ತುವವಳ ಮುಖ ಮಾಡಿಕೊಂಡು ರಸ್ತೆ ಪಕ್ಕಕ್ಕೆ ಸರಿದೆ. ಬಸ್ಸು ನಿಲ್ಲಲಿಲ್ಲ. ಕಿಟಕಿಯಲ್ಲಿ ಅವ್ವ! ನನ್ನ ರೊಟ್ಟಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಕೂತಿದ್ದಾಳೆ. ಬಾಗಿಲಲ್ಲಿ ಜೋತುಬಿದ್ದ ತಿಪ್ಪೇಸ್ವಾಮಿ ಕೂಗಿದ: "ನಿಲ್ಸಬ್ಯಾಡ ಅಂತ ನಿಮ್ಮವ್ವ ಆಣೆ ಹಾಕೈತ್ರೀ ಟೀಚರೇ! ಅವತ್ತು ಅವಳ ಓಟ ನಾನು ನಿಲ್ಸಿದ್ದೇ ಸಾಕು, ನೀನೂ ನಿಲ್ಸಬ್ಯಾಡ ಅಂತೈತೆ!"

ಅವಳಿಗೆ ನೆನಪಿತ್ತು. ಇಷ್ಟು ವರ್ಷ ಒಂದು ಮಾತೂ ಆಡದೆ ಅದನ್ನು ಹೊತ್ತುಕೊಂಡೇ ಇದ್ದಳು. ಯಾರೂ ನಿಲ್ಲಿಸದ ಒಂದು ಓಟಕ್ಕಾಗಿ ನಾನು ಎಷ್ಟು ಹಂಬಲಿಸಿದ್ದೆನೋ, ಅದನ್ನು ಅವಳು ತಂದು ನನ್ನ ಕಾಲ ಮುಂದೆ ಇಟ್ಟಿದ್ದಳು. ಮುಂದಿನ ಬಸ್ಸು ಬರುವುದು ಶಾಲೆಯ ಗಂಟೆ ಹೊಡೆದ ಮೇಲೆ. ನಾನೇನು ಮಾಡಿದೆ ಗೊತ್ತೇ? "ತಿಪ್ಪೇಸ್ವಾಮೀ, ನಿಲ್ಸಪ್ಪೋ! ನಿನ್ನ ಕಾಲಿಗೆ ಬೀಳ್ತೀನಿ, ನಿಲ್ಸೋ!" ಎಂದು ಅಳುತ್ತಾ ಕೂಗುತ್ತಾ ಬಸ್ಸಿನ ಬೆನ್ನು ಹತ್ತಿದೆ. ದೇವಸಮುದ್ರ ಮುಟ್ಟುವವರೆಗೂ ಕೂಗಿದೆ.