ಮೇಲಿನ ಮನೆಯ ಅಧ್ಯಕ್ಷರು

ನಮ್ಮ ಮೇಲಿನ ಮನೆಯಲ್ಲಿ ಒಂದು ದೇಶದ ಅಧ್ಯಕ್ಷರಿದ್ದರು. ಯಾವ ದೇಶ ಎಂದು ನಕಾಶೆಯಲ್ಲಿ ಹುಡುಕಬೇಡಿ, ನಾನು ಹುಡುಕಿ ಸೋತಿದ್ದೇನೆ!

ಮೂಲತಃ ಅವರು ಭೂಗೋಳದ ಮೇಷ್ಟ್ರು. ಸೋವಿಯತ್ ಒಕ್ಕೂಟ ಒಡೆದಾಗ ಅವರ ಗುಡ್ಡಗಾಡಿನ ಜಿಲ್ಲೆಯೂ ತಾನೇ ಒಂದು ದೇಶವೆಂದು ಘೋಷಿಸಿಕೊಂಡಿತಂತೆ. ಕರಿಹಲಗೆಯ ಮೇಲೆ ಗಡಿ ಎಳೆಯಲು ಬರುತ್ತಿದ್ದುದು ಇವರೊಬ್ಬರಿಗೇ. ಇನ್ಯಾರನ್ನು ಅಧ್ಯಕ್ಷರನ್ನಾಗಿ ಮಾಡುವುದು? ಎರಡು ಚಳಿಗಾಲ ಆಳಿದರು. ಮೂರನೆಯದಕ್ಕೆ ಟ್ಯಾಂಕುಗಳು ಬಂದವು. ತಪ್ಪಿಸಿಕೊಂಡು ಕತಾರಿಗೆ ಬಂದು, ಅಲ್ ಅಜೀಜಿಯಾ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆ ಹಿಡಿದು, ಯಾವುದೋ ಕಚೇರಿಯಲ್ಲಿ ಭಾಷಾಂತರಕಾರರಾದರು. ಅಧ್ಯಕ್ಷ ಪದವಿಯನ್ನು ಮಾತ್ರ ಬಿಡಲಿಲ್ಲ!

ಹೊಸ ಸರ್ಕಾರದಿಂದ ಆಗಾಗ ಕಾಗದ ಬರುತ್ತಿತ್ತು: ರಾಜೀನಾಮೆಗೆ ಸಹಿ ಹಾಕಿ, ಇಲ್ಲವಾದರೆ ನಿಮ್ಮ ಜೀವಕ್ಕೆ ನಾವು ಹೊಣೆಯಲ್ಲ. ವಾರವೆಲ್ಲ ಶಿಪ್ಪಿಂಗ್ ಆಫೀಸಿನ ಗುಮಾಸ್ತನಾದ ನಾನು ರಜೆಯ ದಿನವಾದ ಶುಕ್ರವಾರ ಅವರ ಸಂಪುಟ ಕಾರ್ಯದರ್ಶಿ.

"ಟೈಪ್ ಮಾಡಿ, ಮಿಸ್ಟರ್ ಸೆಕ್ರೆಟರಿ. ಆಗುವುದಿಲ್ಲ."

"ಅಷ್ಟೇನಾ ಸರ್?"

"ಖಂಡಿತ ಆಗುವುದಿಲ್ಲ. ಯಲ್ಲಾ, ನಡೆಯಿರಿ, ಮುಗಿಯಿತು!"

ನನಗೆ ಕಾರಿರಲಿಲ್ಲ. ಏಳು ವರ್ಷದ ನನ್ನ ಮಗಳನ್ನು ಶಾಲೆಗೆ ಬಿಡುತ್ತಿದ್ದವರು ಅಧ್ಯಕ್ಷರೇ. ಆದರೆ ಅವಳು ಬಂದ ಕೂಡಲೇ ಹತ್ತುವಂತಿಲ್ಲ! ನಾವು ಗೇಟಿನೊಳಗೆ ನಿಲ್ಲಬೇಕು. ಅವರೊಬ್ಬರೇ ಕಾರು ಹೊರಡಿಸಿ, ಬೀದಿಯ ಕೊನೆಯವರೆಗೆ ಹೋಗಿ, ಗಕ್ಕನೆ ಬ್ರೇಕ್ ಹಾಕಿ, ತಿರುಗಿ ಬಂದು, ಆಮೇಲೆ ಬಾಗಿಲು ತೆಗೆಯುವರು.

"ಕಾರು ಬಿಸಿಯಾಗಬೇಕು ಮೇಡಂ," ಎಂದು ನನ್ನ ಹೆಂಡತಿಗೆ ವಿವರಣೆ. ಅದೂ ಕತಾರಿನ ಜೂನ್ ತಿಂಗಳಲ್ಲಿ!

"ಬಾನೆಟ್ ಮೇಲೆ ಮೊಟ್ಟೆ ಒಡೆದ್ರೆ ಆಮ್ಲೆಟ್ ಆಗ್ತದೆ, ಇನ್ನೆಂತ ಬಿಸಿ ಮಾಡುದು ಇವರು?" ಎಂದು ಅವಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಒಂದು ಬೆಳಿಗ್ಗೆ ಬೀದಿಯ ಕೊನೆಯಲ್ಲಿ ಕಾರು ನಿಲ್ಲಲಿಲ್ಲ. ನೇರ ಎದುರಿನ ಗೋಡೆಗೆ ಹೋಗಿ ಬಡಿಯಿತು. ನಾನು ಓಡಿದೆ. ಮಗಳು ದಿನಾ ಕೂರುತ್ತಿದ್ದ, ಅವರ ಬಲಪಕ್ಕದ ಸೀಟು ಇದ್ದ ಜಾಗದಲ್ಲಿ ಬರೀ ತಗಡು. ಇವತ್ತಿಗೂ ಕಣ್ಣು ಮುಚ್ಚಿದರೆ ಅದೇ ತಗಡು. ಪ್ರತಿ ಸಲವೂ ನಾನು ಅದರೊಳಗೆ ಅವಳನ್ನು ಹುಡುಕುತ್ತೇನೆ, ಅವಳು ಗೇಟಿನ ಹತ್ತಿರವೇ ನಿಂತಿದ್ದಳೆಂದು ಗೊತ್ತಿದ್ದರೂ.

ಗ್ಯಾರೇಜಿನಲ್ಲಿ ಉಳ್ಳಾಲದ ಬ್ಯಾರಿ ಮೆಕ್ಯಾನಿಕ್ ಬ್ರೇಕಿನ ಪೈಪನ್ನು ನನ್ನ ಮುಂದೆ ಹಿಡಿದ. "ಇದು ಸವೆದು ಹೋದದ್ದಲ್ಲ ಮಾರಾಯ್ರೆ. ಯಾರೋ ಕೊಯ್ದದ್ದು."

ಆಸ್ಪತ್ರೆಯಲ್ಲಿ ಅಧ್ಯಕ್ಷರ ಬಲಗೈಗೆ ಪ್ಲಾಸ್ಟರ್ ಹಾಕಿದ್ದರು.

"ಸರ್, ಸಾಕು. ಇನ್ನಾದರೂ ರಾಜೀನಾಮೆಗೆ ಸಹಿ ಹಾಕಿ," ಎಂದೆ.

"ಎರಡು ಕಾಗದ ಬರೆದುಕೊಳ್ಳಿ. ಮೊದಲನೆಯದು ಆ ಸರ್ಕಾರಕ್ಕೆ. ಖಂಡಿತ ಆಗುವುದಿಲ್ಲ."

"ಎರಡನೆಯದು?"

"ನಮ್ಮ ಮನೆ ಮಾಲೀಕರಿಗೆ. ಇವತ್ತೇ ಮನೆ ಖಾಲಿ ಮಾಡುತ್ತಿದ್ದೇನೆ."

ಒಂದಿಂಚು ನೆಲ ಬಿಡದ ಮನುಷ್ಯ! ಎರಡನ್ನೂ ಬರೆದು ಕೊಟ್ಟೆ. ಎಡಗೈಯಲ್ಲಿ, ಆಗಷ್ಟೇ ಅಕ್ಷರ ಕಲಿತವರಂತೆ, ನಿಧಾನವಾಗಿ ಸಹಿ ಹಾಕಿದರು. ಮನೆ ಮಾಲೀಕರ ಕಾಗದದಲ್ಲಿ ಮಾತ್ರ ಸಹಿಯ ಕೆಳಗೆ ಮೊದಲ ಬಾರಿಗೆ 'ಅಧ್ಯಕ್ಷ' ಎಂದು ಬರೆಯಲಿಲ್ಲ.

ಪೆನ್ನು ಹಿಂದೆ ಕೊಡುತ್ತ ಕೇಳಿದರು: "ಮಕ್ಕಳೇ ಇಲ್ಲದ ಕಟ್ಟಡ ಎಲ್ಲಾದರೂ ಇದ್ದರೆ ಹೇಳಿ, ಮಿಸ್ಟರ್ ಸೆಕ್ರೆಟರಿ."